ಕಡಲ ರಸ್ತೆಯಿಂದ ಓಟ್ವೇ ಕಾಡಿಗೆ

ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದವರು ಗ್ರೇಟ್ ಓಷನ್ ರೋಡ್ ಎಂಬ ಕಡಲ ತಡಿಯ ರಸ್ತೆಯನ್ನು ನೋಡದೆ ಹಿಂತಿರುಗುವುದು ಅಪರೂಪ. ಅವರಲ್ಲಿ ಹೆಚ್ಚಿನವರು ಬೆಳಗಿನ ಜಾವ ಪ್ರವಾಸಿ ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಟ್ವೆಲ್ವ್ ಅಪೋಸಲ್ಸ್ ಎಂಬ ಬಂಡೆಗಳ ಮುಂದೆ ನಿಂತು ಪಟ ತೆಗೆಸಿಕೊಂಡು, ಕತ್ತಲಾಗುವಷ್ಟರಲ್ಲಿ ಒಳನಾಡಿನ ಹೆದ್ದಾರಿಯಲ್ಲಿ ತೂಕಡಿಸುತ್ತ ನಗರಕ್ಕೆ ಮರಳುತ್ತಾರೆ. ಆ ಒಂದು ದಿನದ ಪ್ರವಾಸ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಅದರಲ್ಲಿ ಕಾಣುವುದು ಆ ಸೀಮೆಯ ಅಂಚು ಮಾತ್ರ. ರಸ್ತೆಗೆ ಬಲಬದಿಯಲ್ಲಿ ಏರಿ ನಿಂತಿರುವ ಓಟ್ವೇ ಬೆಟ್ಟಗಳನ್ನು ಹೊಕ್ಕು ಬರದವರಿಗೆ ಅರ್ಧಕ್ಕಿಂತ ಹೆಚ್ಚು ಉಳಿದೇ ಹೋಗುತ್ತದೆ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಇದರ ಶ್ರೇಯಸ್ಸು ಜೀಲಾಂಗ್‌ನಲ್ಲಿ ನೆಲೆಸಿರುವ ನನ್ನ ಗೆಳತಿಗೆ ಸಲ್ಲಬೇಕು. ಆಸ್ಪತ್ರೆಯಲ್ಲಿ ದಾದಿಯಾಗಿರುವ ಅವಳು ಪಾಳಿಗಳನ್ನು ಅದಲುಬದಲು ಮಾಡಿಕೊಂಡು ರಜೆ ಹೊಂದಿಸಿ, "ಅವಸರ ಮಾಡುವುದಾದರೆ ನೀನು ಬಸ್ಸಿನಲ್ಲೇ ಹೋಗು, ನಾನಂತೂ ಬರುವುದಿಲ್ಲ" ಎಂದು ಮೊದಲೇ ಷರತ್ತು ಹಾಕಿದ್ದಳು.

ಈಸ್ಟರ್ ರಜೆಯ ಗದ್ದಲ ಮುಗಿದ ಏಪ್ರಿಲ್ ತಿಂಗಳು, ಅಲ್ಲಿಯ ಶರತ್ಕಾಲ. ರಸ್ತೆ ಅಧಿಕೃತವಾಗಿ ಆರಂಭವಾಗುವುದು ಟಾರ್ಕಿ ಎಂಬ ಊರಿನಿಂದ. ಅಲ್ಲಿಂದ ವಾರ್ನಂಬೂಲ್ ಸಮೀಪದ ಆಲನ್ಸ್‌ಫರ್ಡ್‌ವರೆಗೆ ಅದರ ಉದ್ದ ಸುಮಾರು 243 ಕಿಲೋಮೀಟರ್. ಟಾರ್ಕಿ ಅಲೆ ಸವಾರರ ಊರು. ರಿಪ್ ಕರ್ಲ್, ಕ್ವಿಕ್‌ಸಿಲ್ವರ್ ಎಂಬ ಎರಡು ದೊಡ್ಡ ಸರ್ಫಿಂಗ್ ಕಂಪನಿಗಳೂ 1969ರಲ್ಲಿ ಇಲ್ಲಿಯೇ ಹುಟ್ಟಿದವು, ಪಕ್ಕದ ಬೆಲ್ಸ್ ಬೀಚ್‌ನಲ್ಲಿ 1962ರಿಂದ ಸ್ಪರ್ಧೆಗಳು ನಡೆಯುತ್ತಿವೆ. ಅಲೆಯ ಮೇಲೆ ನಿಲ್ಲುವ ಆಸೆಯಾಗಲಿ ವಯಸ್ಸಾಗಲಿ ಇಲ್ಲದ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಆ್ಯಂಗಲ್‌ಸೀ, ಏರೀಸ್ ಇನ್ಲೆಟ್ ಊರುಗಳನ್ನು ದಾಟಿದ ಮೇಲೆ ಈಸ್ಟರ್ನ್ ವ್ಯೂ ಎಂಬಲ್ಲಿ ರಸ್ತೆಯ ಮೇಲೆ ಮರದ ದಿಮ್ಮಿಗಳ ಕಮಾನು ಎದುರಾಗುತ್ತದೆ. ಎಲ್ಲರೂ ಇಳಿದು ಕಮಾನಿನ ಪಟ ತೆಗೆಯುತ್ತಾರೆ. ಅದರ ಪಕ್ಕದಲ್ಲಿರುವ ಕಂಚಿನ ಇಬ್ಬರು ಕೆಲಸಗಾರರನ್ನು ಗಮನಿಸುವವರು ಕಡಿಮೆ. ಮೊದಲ ಮಹಾಯುದ್ಧ ಮುಗಿಸಿ ಮರಳಿದ ಸೈನಿಕರು, ಮರಳದೆ ಹೋದ ತಮ್ಮ ಸಂಗಾತಿಗಳ ನೆನಪಿಗಾಗಿ ಕಡಿದ ರಸ್ತೆ ಇದು. 1919ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1932ರಲ್ಲಿ. ಸುಮಾರು ಮೂರು ಸಾವಿರ ಮಂದಿ ಗುದ್ದಲಿ, ಪಿಕಾಸಿ, ಸಲಿಕೆ, ಸಿಡಿಮದ್ದು ಮತ್ತು ಕುದುರೆ ಗಾಡಿಗಳನ್ನೇ ನಂಬಿ, ಸಮುದ್ರಕ್ಕೆ ನೇರವಾಗಿ ಇಳಿಯುವ ಬೆಟ್ಟದ ಪಕ್ಕೆಯನ್ನು ಕೊರೆದರು. ಅದಕ್ಕೆ ಮುಂಚೆ ಈ ಕರಾವಳಿಯ ಊರುಗಳಿಗೆ ಹೋಗಲು ಹಡಗು ಅಥವಾ ಕಾಡಿನ ಕಚ್ಚಾ ಹಾದಿಯೇ ಗತಿಯಾಗಿತ್ತು. ಜೀಲಾಂಗ್ ನಗರದ ಮೇಯರ್ ಆಗಿದ್ದ ಹೋವರ್ಡ್ ಹಿಚ್‌ಕಾಕ್ ಟ್ರಸ್ಟ್ ಕಟ್ಟಿ, ಕೈಯಿಂದಲೂ ಹಣ ಹಾಕಿ, ಊರೂರು ಚಂದಾ ಎತ್ತಿದವರು. ಉದ್ಘಾಟನೆಗೆ ಕೆಲವೇ ತಿಂಗಳು ಇರುವಾಗ ಅವರು ತೀರಿಕೊಂಡರು. ಉದ್ಘಾಟನೆಯ ಮೆರವಣಿಗೆಯಲ್ಲಿ ರಾಜ್ಯಪಾಲರ ವಾಹನದ ಹಿಂದೆಯೇ ಅವರ ಕಾರನ್ನೂ ಓಡಿಸಿಕೊಂಡು ಹೋದರಂತೆ. ಗೆಳತಿ ಹೇಳಿದ ಇನ್ನೊಂದು ಕಥೆ ಇಷ್ಟು ಗಂಭೀರವಾದದ್ದಲ್ಲ: 1924ರಲ್ಲಿ ಕೇಪ್ ಪ್ಯಾಟನ್ ಬಳಿ ಬಂಡೆಗೆ ತಗುಲಿದ ಕ್ಯಾಸಿನೊ ಎಂಬ ಉಗಿಹಡಗು ಭಾರ ಇಳಿಸಲು ಬಿಯರಿನ ಐನೂರು ಪೀಪಾಯಿಗಳನ್ನೂ ಮದ್ಯದ ಪೆಟ್ಟಿಗೆಗಳನ್ನೂ ನೀರಿಗೆ ಉರುಳಿಸಿತು, ಅವು ದಡಕ್ಕೆ ತೇಲಿ ಬಂದದ್ದೇ ತಡ, ರಸ್ತೆ ಕೆಲಸ ಎರಡು ವಾರ ನಿಂತುಹೋಯಿತು.

ಪಶ್ಚಿಮಾಭಿಮುಖವಾಗಿ ಹೋಗುವವರಿಗೆ ಸಮುದ್ರ ಎಡಗಡೆ ಇರುತ್ತದೆ, ವಾಹನವೂ ಎಡಬದಿಯಲ್ಲೇ ಚಲಿಸುತ್ತದೆ. ಹೀಗಾಗಿ ಚಾಲಕರ ಪಕ್ಕದಲ್ಲಿ ಕುಳಿತವರಿಗೆ ನೀರಿನ ಮೇಲೆಯೇ ತೇಲಿದಂತಾಗುತ್ತದೆ. ಬಲಬದಿಯಲ್ಲಿ ಓಡಿಸಿ ರೂಢಿಯಿರುವ ದೇಶಗಳ ಪ್ರವಾಸಿಗರಿಗಾಗಿ ರಸ್ತೆಯ ಮೇಲೆಯೇ ಬಾಣದ ಗುರುತುಗಳನ್ನು ಬರೆದಿದ್ದಾರೆ. ನಮಗೆ ಆ ತೊಂದರೆಯಿಲ್ಲ, ಆದರೆ ತಿರುವುಗಳು ಮುಗಿಯುವುದೇ ಇಲ್ಲ. ನಿಧಾನವಾಗಿ ಹೋಗುವವರು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡಲೆಂದೇ ಅಲ್ಲಲ್ಲಿ ಜಾಗ ಮಾಡಿದ್ದಾರೆ. ಗೆಳತಿ ಅಂಥ ಪ್ರತಿಯೊಂದು ಜಾಗದಲ್ಲೂ ಸರಿದು ನಿಂತಳು, ಪ್ರತಿಸಲವೂ ಹಿಂದಿನ ಕಾರಿನವರು ಕೈಯೆತ್ತಿ ಸಾಗಿದರು. ಲಾರ್ನ್‌ನ ಕಡಲ ತಡಿಯ ಉದ್ಯಾನದಲ್ಲಿ ಸಾರ್ವಜನಿಕರಿಗೆಂದು ಇಟ್ಟಿರುವ ವಿದ್ಯುತ್ ಒಲೆಯಿದೆ. ಗುಂಡಿ ಒತ್ತಿದರೆ ಉಕ್ಕಿನ ತಟ್ಟೆ ಬಿಸಿಯಾಗುತ್ತದೆ, ಹಣ ಕೇಳುವವರಿಲ್ಲ. ಪಕ್ಕದ ಕುಟುಂಬ ಅದರ ಮೇಲೆ ಸಾಸೇಜು ಸುಡುತ್ತಿತ್ತು, ನಾವು ಇನ್ನೊಂದು ತುದಿಯಲ್ಲಿ ಕಾಗದ ಹಾಸಿ ಚಪಾತಿ ಬಿಸಿಮಾಡಿಕೊಂಡೆವು. ಆಮೇಲೆ ತಟ್ಟೆಯನ್ನು ಒರೆಸಿಟ್ಟು ಹೋಗುವುದು ಬರೆದಿಡದ ನಿಯಮ, ಅದನ್ನು ಯಾರೂ ಮೀರುವುದಿಲ್ಲ.

ಲಾರ್ನ್ ದಾಟಿ ಸ್ವಲ್ಪ ದೂರಕ್ಕೆ ವೈ ರಿವರ್ ಎಂಬ ಪುಟ್ಟ ಊರು. 2015ರ ಡಿಸೆಂಬರಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡ್ಗಿಚ್ಚು ಕ್ರಿಸ್ಮಸ್ ದಿನ ಇಲ್ಲಿಗೂ ಪಕ್ಕದ ಸೆಪರೇಷನ್ ಕ್ರೀಕ್‌ಗೂ ಇಳಿದು 116 ಮನೆಗಳನ್ನು ಸುಟ್ಟಿತು; ಜನರನ್ನು ಮೊದಲೇ ಹೊರಡಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಬೇರುಗಳು ಸುಟ್ಟು ಸಡಿಲವಾದ ಗುಡ್ಡ ಮರುವರ್ಷದ ಮಳೆಗೆ ಕುಸಿದು ರಸ್ತೆಯನ್ನೇ ಮುಚ್ಚಿತು. ಈಗ ಇಳಿಜಾರಿನಲ್ಲಿ ಹೊಸ ಮನೆಗಳು ಕಂಬಗಳ ಮೇಲೆ ನಿಂತಿವೆ, ಅವುಗಳ ನಡುವೆ ಕಪ್ಪಾದ ಕಾಂಡದ ಸುತ್ತ ಎಲೆ ಚಿಗುರಿಸಿಕೊಂಡ ನೀಲಗಿರಿ ಮರಗಳಿವೆ. ಬೆಂಕಿಯ ಮಾತು ಈ ಸೀಮೆಯಲ್ಲಿ ಎಲ್ಲಿಗೆ ಹೋದರೂ ಹಿಂಬಾಲಿಸುತ್ತದೆ. ಊರಿನ ಬಾಗಿಲಲ್ಲೇ ಅರ್ಧಚಂದ್ರಾಕಾರದ ಫಲಕವೊಂದು ಆ ದಿನದ ಬೆಂಕಿ ಅಪಾಯವನ್ನು ಸಾಧಾರಣ, ಅಧಿಕ, ತೀವ್ರ, ವಿನಾಶಕಾರಿ ಎಂಬ ನಾಲ್ಕು ಹಂತಗಳಲ್ಲಿ ಸೂಚಿಸುತ್ತಿರುತ್ತದೆ. ಕೊನೆಯ ಹಂತದ ದಿನ ಕಾಡಂಚಿನ ಊರಿನವರು ಮನೆ ಬಿಟ್ಟು ಹೊರಡುವುದೇ ಸರಿಯೆಂದು ಅಧಿಕಾರಿಗಳು ಹೇಳುತ್ತಾರೆ. ಮುಳ್ಳು ಆ ದಿನ ಸಾಧಾರಣದಲ್ಲಿತ್ತು.

ಕೆನೆಟ್ ರಿವರ್‌ನಲ್ಲಿ ಕೊಆಲಾ ನೋಡಲು ಎಲ್ಲರೂ ನಿಲ್ಲುತ್ತಾರೆ. ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ನಿದ್ದೆ ಮಾಡುವ ಪ್ರಾಣಿಯನ್ನು ಹುಡುಕುವುದೆಂದರೆ ಕೊಂಬೆಯ ಕವಲುಗಳಲ್ಲಿ ಬೂದು ಬಣ್ಣದ ಗಂಟುಗಳನ್ನು ಹುಡುಕುವುದು, ಅಷ್ಟೆ. ಅದು ಮುದ್ದಾಗಿದೆ ಎಂದುಕೊಂಡು ನೋಡುತ್ತಿರುವಾಗಲೇ ಗಂಡು ಕೊಆಲಾವೊಂದು ಕೂಗಿತು. ಆ ಗಾತ್ರದ ದೇಹದಿಂದ ಅಂಥ ಒರಟು ಗುಟುರು ಬರಬಹುದೆಂದು ಕೇಳುವವರೆಗೆ ನಾನು ನಂಬುತ್ತಿರಲಿಲ್ಲ.

ಸ್ಕೀನ್ಸ್ ಕ್ರೀಕ್‌ನಲ್ಲಿ ಗೆಳತಿ ಸಮುದ್ರಕ್ಕೆ ಬೆನ್ನು ಹಾಕಿ ಬೆಟ್ಟದ ರಸ್ತೆ ಹಿಡಿದಳು. ಮೇಲೆ ಟರ್ಟನ್ಸ್ ಟ್ರ್ಯಾಕ್ ಎಂಬ ಕಿರಿದಾದ ದಾರಿಯಲ್ಲಿ ಎದುರಿನಿಂದ ಇನ್ನೊಂದು ವಾಹನ ಬಂದರೆ ಇಬ್ಬರಲ್ಲೊಬ್ಬರು ಕಾಯಲೇಬೇಕು. ಮೊಬೈಲಿನ ಸಂಪರ್ಕ ಅಲ್ಲಲ್ಲಿ ಕಡಿದುಹೋಗುತ್ತದೆ, ಉಷ್ಣತೆ ಗೊತ್ತಾಗುವಷ್ಟು ಇಳಿಯುತ್ತದೆ, ಎರಡೂ ಕಡೆಯಿಂದ ಮರಜರಿಗಳ ಗರಿಗಳು ರಸ್ತೆಯ ಮೇಲೆ ಬಾಗಿಕೊಳ್ಳುತ್ತವೆ. ಈ ಬೆಟ್ಟಗಳ ನೆತ್ತಿಯಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ ಬೀಳುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಇದು ದೊಡ್ಡ ಲೆಕ್ಕವಲ್ಲ, ಆದರೆ ಇಲ್ಲಿ ಅದು ಚಳಿಗಾಲವಿಡೀ ಜಿನುಗುತ್ತಾ, ಬೇಸಿಗೆಯಲ್ಲೂ ಪೂರ್ತಿ ನಿಲ್ಲದೆ ಬೀಳುತ್ತದೆ. ಬೀಚ್ ಫಾರೆಸ್ಟ್ ಎಂಬ ಊರಿಗೆ 1902ರಲ್ಲೇ ಕೊಲಾಕ್‌ನಿಂದ ನ್ಯಾರೋಗೇಜ್ ರೈಲು ಬಂದಿತ್ತು, ಮುಖ್ಯವಾಗಿ ಮರ ಸಾಗಿಸಲು. 1962ರಲ್ಲಿ ಆ ಮಾರ್ಗ ಮುಚ್ಚಿತು, ಅದರ ಜಾಡು ಈಗ ನಡಿಗೆಯವರ ಮತ್ತು ಸೈಕಲ್ಲಿನವರ ಪಾಲಾಗಿದೆ. ಓಟ್ವೇ ರಾಷ್ಟ್ರೀಯ ಉದ್ಯಾನ ಇಂದಿನ ವಿಸ್ತಾರದಲ್ಲಿ ಘೋಷಣೆಯಾದದ್ದು 2005ರಲ್ಲಿ. ಸರ್ಕಾರಿ ಕಾಡಿನಲ್ಲಿ ಸಹಜ ಮರಗಳನ್ನು ಕಡಿಯುವುದು ನಿಂತದ್ದು 2008ರಲ್ಲಿ. ಅಂದರೆ ಇಂದು ನಾವು ಆದಿಮವೆಂದು ತಲೆಯೆತ್ತಿ ನೋಡುವ ಎಷ್ಟೋ ಮರಗಳು ಗರಗಸದ ನಂತರ ಎದ್ದವು.

ಇಲ್ಲಿಯ ದೈತ್ಯ ಮರ ಮೌಂಟನ್ ಆ್ಯಶ್, ನೀಲಗಿರಿಯದೇ ಜಾತಿ. ಹೂಬಿಡುವ ಸಸ್ಯಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದವುಗಳಲ್ಲಿ ಒಂದು ಇದು. ಟಾಸ್ಮೇನಿಯಾದಲ್ಲಿರುವ ಸೆಂಚೂರಿಯನ್ ಎಂಬ ಒಂದು ಮರ ಸುಮಾರು 100 ಮೀಟರ್ ಎತ್ತರವಿದೆ. ಬೇರೆ ಬಹುತೇಕ ನೀಲಗಿರಿಗಳು ಬೆಂಕಿ ಬಿದ್ದ ಮೇಲೆ ಕಾಂಡದಿಂದಲೇ ಚಿಗುರುತ್ತವೆ, ವೈ ರಿವರ್‌ನಲ್ಲಿ ಕಂಡಂತೆ. ಮೌಂಟನ್ ಆ್ಯಶ್ ಹಾಗಲ್ಲ. ಜೋರು ಬೆಂಕಿಗೆ ಅದು ಸತ್ತೇ ಹೋಗುತ್ತದೆ, ಆದರೆ ಸಾಯುವ ಮುನ್ನ ನೆತ್ತಿಯಲ್ಲಿ ಕಾಪಿಟ್ಟ ಬೀಜಗಳನ್ನು ಬಿಸಿ ಬೂದಿಯ ಮೇಲೆ ಸುರಿದು ಹೋಗುತ್ತದೆ. ನೆರಳಿಲ್ಲದ ಆ ಬೂದಿಯಲ್ಲೇ ಅದರ ಸಸಿ ಏಳುವುದು. ನೂರಾರು ವರ್ಷ ಬೆಂಕಿಯೇ ಬೀಳದಿದ್ದರೆ ಮುದಿಮರಗಳು ಒಂದೊಂದಾಗಿ ಉರುಳಿ, ಕೆಳಗಿನ ಕತ್ತಲೆಯಲ್ಲಿ ಅವುಗಳ ಮಕ್ಕಳಾರೂ ಇಲ್ಲದೆ, ಜಾಗ ಮಳೆಕಾಡಿನ ಮರಗಳಿಗೆ ಸಲ್ಲುತ್ತದೆ. ಇನ್ನೊಂದೆಡೆ, ಬೀಜ ಕಟ್ಟುವ ವಯಸ್ಸು ಬರುವ ಮುಂಚೆಯೇ ಮತ್ತೆ ಬೆಂಕಿ ಬಿದ್ದರೆ ಎಳೆಯ ಕಾಡು ಪೂರ್ತಿ ನಾಶವಾಗುತ್ತದೆ. ಬೆಂಕಿ ಬೇಕು, ಆದರೆ ಬಹಳ ಅಪರೂಪಕ್ಕೆ ಬೇಕು. ಈ ಸೂಕ್ಷ್ಮವನ್ನು ತಿಳಿದ ಮೇಲೆ ಮರಗಳನ್ನು ನೋಡುವ ರೀತಿಯೇ ಬೇರೆಯಾಯಿತು: ಒಂದೇ ದಪ್ಪದ, ಒಂದೇ ಎತ್ತರದ ಕಾಂಡಗಳು ಸಾಲಾಗಿ ಕಂಡಾಗ, ಇವೆಲ್ಲ ಒಂದೇ ಬೆಂಕಿಯ ಅಥವಾ ಒಂದೇ ಕಡಿತದ ನಂತರ ಒಟ್ಟಿಗೆ ಹುಟ್ಟಿದವು ಎಂದು ಊಹಿಸತೊಡಗಿದೆ.

ಹೋಪ್‌ಟೌನ್ ಜಲಪಾತಕ್ಕೆ ಮೆಟ್ಟಿಲಿಳಿದು ಹತ್ತಿದ ಮೇಲೆ, ಸಮೀಪದಲ್ಲೇ ಇರುವ ಕ್ಯಾಲಿಫೋರ್ನಿಯಾದ ರೆಡ್‌ವುಡ್ ತೋಪಿಗೂ ಹೋದೆವು. 1936ರಲ್ಲಿ ಪ್ರಯೋಗಕ್ಕೆಂದು ನೆಟ್ಟ ಮರಗಳು ಈಗ ಸುಮಾರು 60 ಮೀಟರ್ ಬೆಳೆದು ಕಂಬಗಳಂತೆ ಸಾಲು ನಿಂತಿವೆ. ಪಟಗಳಲ್ಲಿ ಇದಕ್ಕಿಂತ ಸುಂದರ ಜಾಗ ಇನ್ನೊಂದಿಲ್ಲ, ಜನರೂ ಅದಕ್ಕಾಗಿಯೇ ಬರುತ್ತಾರೆ. ನನಗೆ ಮಾತ್ರ ಅಲ್ಲಿ ಉಸಿರು ಕಟ್ಟಿದಂತಾಯಿತು. ನೆಲದ ತುಂಬ ಕಂದು ಸೂಜಿಯೆಲೆಗಳು, ಅಡಿಯಲ್ಲಿ ಪೊದೆಯಿಲ್ಲ, ಹಕ್ಕಿಯ ಸದ್ದು ಇಲ್ಲವೆನ್ನುವಷ್ಟು ಕಡಿಮೆ.

ಅಪೋಲೊ ಬೇಯಲ್ಲಿ ತಂಗಿದ್ದು, ಮಾರನೆಯ ದಿನ ಮೇಟ್ಸ್ ರೆಸ್ಟ್ ಎಂಬಲ್ಲಿಗೆ ಹೋದಾಗ ಆ ಕೊರತೆ ತುಂಬಿತು. ಕುದುರೆಯ ಮೇಲೆ ಕಾಡು ಸುತ್ತುತ್ತಿದ್ದ ಮೇಟ್‌ಲ್ಯಾಂಡ್ ಬ್ರಯನ್ ಎಂಬ ಅರಣ್ಯಾಧಿಕಾರಿ ಕಳೆದ ಶತಮಾನದ ಆರಂಭದಲ್ಲಿ ಕುದುರೆಗೆ ವಿಶ್ರಾಂತಿ ಕೊಡುತ್ತಿದ್ದ ಜಾಗ ಇದು. ರಸ್ತೆಯ ಪಕ್ಕದಲ್ಲೇ ಕಣಿವೆಗೆ ಇಳಿಯುವ 800 ಮೀಟರ್ ಉದ್ದದ ದಾರಿ, ಬೇರುಗಳನ್ನು ತುಳಿಯದಂತೆ ಬಹುಭಾಗ ಮರದ ಹಲಗೆ ಹಾಸಿದ್ದಾರೆ, ಪ್ರವೇಶಕ್ಕೆ ಶುಲ್ಕವಿಲ್ಲ. ಬೆಂಕಿ ತಲುಪದ ತೇವದ ಕಣಿವೆಗಳಲ್ಲಿ ಮಾತ್ರ ಉಳಿದಿರುವ ಮರ್ಟಲ್ ಬೀಚ್ ಮರಗಳು ಇಲ್ಲಿಯ ಯಜಮಾನರು. ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ, ದಕ್ಷಿಣ ಅಮೆರಿಕಗಳು ಒಂದೇ ಭೂಖಂಡವಾಗಿದ್ದ ಗೊಂಡ್ವಾನಾ ಕಾಲದಿಂದ ಬಂದ ಕುಲ ಅವುಗಳದು. ನೂರಾರು ವರ್ಷ ವಯಸ್ಸಿನವು ಇಲ್ಲಿವೆ. ಒಂದು ಮರಜರಿಯ ಕಾಂಡವನ್ನು ನಾನು ಹತ್ತಿರದಿಂದ ನೋಡುತ್ತ ನಿಂತೆ. ಕಾಂಡವೆಂದು ಕರೆಯುವುದು ನಿಜವಾಗಿ ಕಂದು ನಾರುಬೇರುಗಳ ದಪ್ಪ ಹೊದಿಕೆ. ಬೆರಳಿಟ್ಟರೆ ಒದ್ದೆ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಅದರ ಮೇಲೆ ಪಾಚಿ, ಪಾಚಿಯ ಮೇಲೆ ಉಗುರಿನಷ್ಟು ತೆಳುವಾದ, ಬೆಳಕು ಹಾಯುವ ಪುಟ್ಟ ಜರೀಗಿಡಗಳು, ಅವುಗಳ ನಡುವೆ ಬೇರೂರಿದ ಯಾವುದೋ ಮರದ ಎರಡೆಲೆಯ ಸಸಿ. ಹಲಗೆಯ ಅಂಚಿನಲ್ಲಿ ಗೆಳತಿ ಏನನ್ನೋ ಕಂಡು, "ಕಾಲು ಎತ್ತಬೇಡ ಕಣೇ, ಇಲ್ಲಿ ನೋಡು" ಎಂದಳು. ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು ಬಸವನಹುಳು, ಚಿಪ್ಪೂ ಮೈಯೂ ಒಂದೇ ಬಣ್ಣ. ಓಟ್ವೇ ಕಾಡಿನಲ್ಲಲ್ಲದೆ ಬೇರೆಲ್ಲಿಯೂ ಸಿಗದ ಈ ಜೀವಿ ಸೊಪ್ಪು ತಿನ್ನುವುದಿಲ್ಲ. ಹುಳುಗಳನ್ನೂ ಇತರ ಬಸವನಹುಳುಗಳನ್ನೂ ಬೇಟೆಯಾಡಿ ತಿನ್ನುತ್ತದೆ. ಅದು ಒಂದು ಹಲಗೆಯನ್ನು ದಾಟಿ ಮುಗಿಸುವವರೆಗೆ ನಾವು ಕಾದೆವು. ನಮ್ಮ ಹಿಂದೆ ಬಂದ ವೃದ್ಧ ದಂಪತಿಗಳೂ ಮರುಮಾತಿಲ್ಲದೆ ಕಾದರು.

ಕೇಪ್ ಓಟ್ವೇಗೆ ಹೋಗುವ ದಾರಿಯಲ್ಲಿ ಕಾಡು ಇನ್ನೊಂದು ಮುಖ ತೋರಿಸುತ್ತದೆ. ಇಲ್ಲಿ ಮನ್ನಾ ಗಮ್ ಎಂಬ ನೀಲಗಿರಿ ಮರಗಳು ಎಲೆಯಿಲ್ಲದೆ ಬೆಳ್ಳಗೆ ಒಣಗಿ ನಿಂತಿವೆ. ಕಾರಣ ರೋಗವಲ್ಲ, ಬೆಂಕಿಯೂ ಅಲ್ಲ, ಕೊಆಲಾಗಳೇ. ಹೊರಗಿನಿಂದ ತಂದು ಬಿಟ್ಟ ಕೊಆಲಾಗಳ ಸಂತತಿ ಇಲ್ಲಿ ಮಿತಿಮೀರಿ ಹೆಚ್ಚಿ, ಮರಗಳು ಚಿಗುರುವ ವೇಗವನ್ನು ಮೀರಿ ಎಲೆ ಮೇಯ್ದವು. ಮರಗಳು ಸತ್ತವು, ಕೊಆಲಾಗಳು ಹಸಿವಿನಿಂದ ನರಳಿದವು. 2013 ಮತ್ತು 2014ರಲ್ಲಿ ಸುಮಾರು 700 ಕೊಆಲಾಗಳಿಗೆ ಅಧಿಕಾರಿಗಳು ದಯಾಮರಣ ಕೊಟ್ಟರು, ಸಾರ್ವಜನಿಕರಿಗೆ ಅದು ತಿಳಿದದ್ದು ಆಮೇಲೆ. ಕೆನೆಟ್ ರಿವರ್‌ನಲ್ಲಿ ಕೊಆಲಾ ಕಂಡು ಹಿಗ್ಗಿದ್ದವಳಿಗೆ ಇದನ್ನು ಕೇಳಿ ಏನು ಹೇಳಬೇಕೆಂದು ತೋಚಲಿಲ್ಲ. ದಾದಿಯಾದ ಗೆಳತಿ ಮಾತ್ರ ಹಸಿದು ಸಾಯಲು ಬಿಡುವುದಕ್ಕಿಂತ ಅದೇ ಮೇಲು ಎಂದು ಖಚಿತವಾಗಿ ಹೇಳಿದಳು.

ಭೂಶಿರದ ತುದಿಯಲ್ಲಿರುವ ದೀಪಸ್ತಂಭ 1848ರದ್ದು. ಮೂರು ವರ್ಷ ಮುಂಚೆ, 1845ರಲ್ಲಿ, ವಲಸಿಗರನ್ನು ಹೊತ್ತ ಕ್ಯಾಟರಾಕ್ವಿ ಹಡಗು ಎದುರಿನ ಕಿಂಗ್ ದ್ವೀಪದ ಬಳಿ ಒಡೆದು ಸುಮಾರು 400 ಮಂದಿ ಸತ್ತಿದ್ದರು, ಬದುಕಿದವರು ಒಂಬತ್ತು ಮಂದಿ. ಆ ದ್ವೀಪಕ್ಕೂ ಈ ಭೂಶಿರಕ್ಕೂ ನಡುವಿನ ಸುಮಾರು 90 ಕಿಲೋಮೀಟರ್ ಅಂತರವನ್ನು ಹಾಯಿಹಡಗುಗಳು ಕುರುಡಾಗಿ ಹೊಗಬೇಕಿತ್ತು. ಆ ಗಾಳಿಯಲ್ಲಿ ಗೋಪುರದ ಮೇಲೆ ನಿಲ್ಲಲು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು, ಪಟ ತೆಗೆಯುವ ಮಾತೇ ಇರಲಿಲ್ಲ.

ಅಂದು ರಾತ್ರಿ ಲೇವರ್ಸ್ ಹಿಲ್ ಬಳಿಯ ಮೆಲ್ಬಾ ಗಲ್ಲಿ. ಕತ್ತಲಾದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಕಣಿವೆಗೆ ಇಳಿದು, ಒಂದು ತಿರುವಿನಲ್ಲಿ ಅದನ್ನೂ ಆರಿಸಿ ನಿಂತೆವು. ಕಣ್ಣು ಒಗ್ಗಿದಂತೆ ಮಣ್ಣಿನ ದರೆಯ ಮೇಲೆ ನೀಲಿ ಹಸಿರು ಚುಕ್ಕಿಗಳು ಒಂದೊಂದಾಗಿ ಕಾಣಿಸಿಕೊಂಡವು. ಇವು ಮಿಣುಕುಹುಳುಗಳಂತೆ ಹಾರುವುದಿಲ್ಲ, ಮಿನುಗುವುದೂ ಇಲ್ಲ; ಒಂದು ಬಗೆಯ ಸಣ್ಣ ನುಸಿಯ ಮರಿಹುಳುಗಳು ದರೆಯ ಸಂದಿನಲ್ಲಿ ಕುಳಿತು, ಅಂಟಿನ ಹನಿ ಪೋಣಿಸಿದ ರೇಷ್ಮೆಯೆಳೆಗಳನ್ನು ಇಳಿಬಿಟ್ಟು, ಬೆಳಕಿಗೆ ಮರುಳಾಗಿ ಬರುವ ಕೀಟಗಳನ್ನು ಹಿಡಿಯುತ್ತವೆ. ಓಟ್ವೇಗೇ ಸೀಮಿತವಾದ ಪ್ರಭೇದ ಇದು. ಅಲ್ಲಿಗೆ ಬಂದ ಯುವಕರ ಗುಂಪೊಂದು ಮೊಬೈಲಿನ ಬಿಳಿ ಬೆಳಕು ಹಾಯಿಸಿ, "ಏನೂ ಇಲ್ಲವಲ್ಲ" ಎಂದು ಹೊರಟುಹೋಯಿತು. ಬೆಳಕಿಗೆ ಬೆದರಿದ ಹುಳುಗಳು ಮಂಕಾಗಿ, ಮತ್ತೆ ಚುಕ್ಕಿಗಳು ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ಟ್ವೆಲ್ವ್ ಅಪೋಸಲ್ಸ್ ಬಗ್ಗೆ ಬರೆಯಲು ಕೈ ಓಡುತ್ತಿಲ್ಲ. ಬಂಡೆಗಳು ಭವ್ಯವಾಗಿವೆ, ಅನುಮಾನವಿಲ್ಲ. ಸುಣ್ಣಕಲ್ಲಿನ ದಂಡೆಯನ್ನು ಅಲೆಗಳು ಎರಡೂ ಬದಿಯಿಂದ ಕೊರೆದು ಗುಹೆ ಮಾಡುತ್ತವೆ, ಗುಹೆ ಕಮಾನಾಗುತ್ತದೆ, ಕಮಾನಿನ ನೆತ್ತಿ ಕುಸಿದು ಒಂಟಿ ಕಂಬ ಉಳಿಯುತ್ತದೆ, ಕೊನೆಗೆ ಕಂಬವೂ ಬೀಳುತ್ತದೆ. ಹೆಸರಿನಲ್ಲಿ ಹನ್ನೆರಡಿದ್ದರೂ ಅಷ್ಟು ಎಂದೂ ಇರಲಿಲ್ಲ. 2005ರ ಜುಲೈನಲ್ಲಿ ಒಂದು ಕುಸಿದ ಮೇಲೆ ಎಂಟು ಉಳಿದಿವೆ. ಮೇಲೆ ಹೆಲಿಕಾಪ್ಟರುಗಳ ಸದ್ದು, ಕಟಕಟೆಯ ಬಳಿ ಮೊಣಕೈಗಳ ನೂಕಾಟ. ಗಿಬ್ಸನ್ ಸ್ಟೆಪ್ಸ್‌ನ 86 ಮೆಟ್ಟಿಲಿಳಿದು ಮರಳಿನ ಮೇಲೆ ನಿಂತು ತಲೆಯೆತ್ತಿದರೆ ಮಾತ್ರ ಬಂಡೆಯ ಗಾತ್ರ ಅರಿವಿಗೆ ಬರುತ್ತದೆ. ಇನ್ನೂ ಸ್ವಲ್ಪ ಮುಂದಿರುವ ಲಂಡನ್ ಬ್ರಿಜ್‌ನ ಒಂದು ಕಮಾನು 1990ರ ಜನವರಿಯಲ್ಲಿ ಕುಸಿದಾಗ ಇಬ್ಬರು ಪ್ರವಾಸಿಗರು ಆಚೆಯ ತುಂಡಿನ ಮೇಲೆ ಸಿಕ್ಕಿಬಿದ್ದು, ಪೊಲೀಸ್ ಹೆಲಿಕಾಪ್ಟರ್ ಬಂದು ಅವರನ್ನು ಎತ್ತಬೇಕಾಯಿತು.

ಈ ತೀರದಲ್ಲಿ ನನ್ನನ್ನು ಹಿಡಿದಿಟ್ಟದ್ದು ಲಾಕ್ ಆರ್ಡ್ ಕಮರಿ. 1878ರ ಜೂನ್ 1ರ ಮಂಜಿನ ಬೆಳಗಿನಲ್ಲಿ, ಇಂಗ್ಲೆಂಡಿನಿಂದ ಹೊರಟು ಮೆಲ್ಬರ್ನ್ ಸಮೀಪಿಸಿದ್ದ ಲಾಕ್ ಆರ್ಡ್ ಹಡಗು ಇಲ್ಲಿ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದ 54 ಮಂದಿಯಲ್ಲಿ ಬದುಕಿದವರು ಇಬ್ಬರೇ: ಟಾಮ್ ಪಿಯರ್ಸ್ ಎಂಬ ತರಬೇತಿ ನಾವಿಕ ಮತ್ತು ಈವಾ ಕಾರ್‌ಮೈಕಲ್ ಎಂಬ ಐರಿಷ್ ತರುಣಿ. ದಡ ಸೇರಿದ್ದ ಟಾಮ್ ಅವಳ ಕೂಗು ಕೇಳಿ ಮತ್ತೆ ನೀರಿಗಿಳಿದು ಅವಳನ್ನು ಎಳೆತಂದು, ಗುಹೆಯಲ್ಲಿ ಮಲಗಿಸಿ, ಗೋಡೆಯಂಥ ಬಂಡೆ ಹತ್ತಿ ಸಹಾಯ ಕರೆತಂದ. ತಂದೆ, ತಾಯಿ, ಒಡಹುಟ್ಟಿದವರನ್ನು ಒಂದೇ ಬೆಳಗಿನಲ್ಲಿ ಕಳೆದುಕೊಂಡ ಆ ಹುಡುಗಿ ತನ್ನನ್ನು ಉಳಿಸಿದವನನ್ನು ಮದುವೆಯಾಗುತ್ತಾಳೆಂದು ಆಗಿನ ಜನ ಹಂಬಲಿಸಿದರಂತೆ. ಅವಳು ಕೆಲವು ತಿಂಗಳಲ್ಲಿ ಐರ್ಲೆಂಡಿಗೆ ಮರಳಿದಳು. ಮೆಲ್ಬರ್ನ್‌ನ ವಸ್ತುಪ್ರದರ್ಶನಕ್ಕೆಂದು ಸಾಗಿಸುತ್ತಿದ್ದ ಆಳೆತ್ತರದ ಪಿಂಗಾಣಿ ನವಿಲು ಮಾತ್ರ ಪೆಟ್ಟಿಗೆಯ ಸಮೇತ ತೇಲಿ ಬಂದು, ಈಗ ವಾರ್ನಂಬೂಲ್‌ನ ಫ್ಲ್ಯಾಗ್‌ಸ್ಟಾಫ್ ಹಿಲ್ ಸಂಗ್ರಹಾಲಯದಲ್ಲಿದೆ. ಅದನ್ನು ನೋಡಿಕೊಂಡೇ ಮುಂದೆ ಹೋದೆವು.

ವಾರ್ನಂಬೂಲ್‌ಗಿಂತ ಸ್ವಲ್ಪ ಪಶ್ಚಿಮಕ್ಕೆ, ರಸ್ತೆ ಮುಗಿದ ಮೇಲೂ ಗೆಳತಿ ನನ್ನನ್ನು ಕರೆದೊಯ್ದದ್ದು ಟವರ್ ಹಿಲ್ ಎಂಬ ಆರಿದ ಜ್ವಾಲಾಮುಖಿಯ ಬಟ್ಟಲಿಗೆ. 1892ರಲ್ಲಿ ವಿಕ್ಟೋರಿಯಾ ರಾಜ್ಯದ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿದ ಈ ಜಾಗವನ್ನು ಮೇಯಿಸಿ, ಕಡಿದು, ಕಲ್ಲು ತೆಗೆದು ಬೋಳು ಮಾಡಿದ್ದರು. 1960ರ ದಶಕದಲ್ಲಿ ಮತ್ತೆ ಕಾಡು ಬೆಳೆಸಲು ಹೊರಟವರಿಗೆ ಇಲ್ಲಿ ಯಾವ ಗಿಡ ಎಲ್ಲಿತ್ತೆಂದು ತಿಳಿಸಿದ್ದು ಒಂದು ವರ್ಣಚಿತ್ರ. ಯೂಜೀನ್ ಫಾನ್ ಗೆರಾರ್ಡ್ ಎಂಬ ಕಲಾವಿದ 1855ರಲ್ಲಿ ಈ ಕಣಿವೆಯನ್ನು ಎಲೆ ಎಲೆಯೂ ಗುರುತಾಗುವಷ್ಟು ನಿಷ್ಠೆಯಿಂದ ಬರೆದಿಟ್ಟಿದ್ದ. ಚಿತ್ರವನ್ನು ನೋಡಿ ಸಸಿ ನೆಟ್ಟ ಆ ಕಾಡಿನಲ್ಲಿ ಈಗ ಎಮು ಹಕ್ಕಿಗಳು ವಾಹನ ನಿಲುಗಡೆಯವರೆಗೂ ಬಂದು ಜನರ ಕೈಚೀಲಗಳನ್ನು ಇಣುಕಿ ನೋಡುತ್ತವೆ.

ಮರುದಿನ ಗೆಳತಿಗೆ ಬೆಳಗಿನ ಪಾಳಿಯಿದ್ದುದರಿಂದ ಕೊಲಾಕ್ ಮೂಲಕ ಒಳನಾಡಿನ ಪ್ರಿನ್ಸಸ್ ಹೆದ್ದಾರಿ ಹಿಡಿದೆವು. ಹೋಗುವಾಗ ದಿನಗಟ್ಟಲೆ ಹಿಡಿದ ದೂರ ಹೀಗೆ ಒಂದು ಸಂಜೆಗೆ ಮುಗಿದುಹೋಗುತ್ತದೆ. ಒಂದೇ ದಿನ ಕೈಯಲ್ಲಿರುವವರಿಗೆ ಲಾರ್ನ್‌ವರೆಗೆ ಕಡಲು, ಅಲ್ಲಿಂದ ಸ್ಕೀನ್ಸ್ ಕ್ರೀಕ್, ಟರ್ಟನ್ಸ್ ಟ್ರ್ಯಾಕ್ ಹಾಗೂ ಮೇಟ್ಸ್ ರೆಸ್ಟ್ ಸಾಕು, ಅಪೋಸಲ್ಸ್ ಬಿಟ್ಟರೂ ನಷ್ಟವಿಲ್ಲ ಎಂದು ಬರೆಯುತ್ತೇನೆಂದು ದಾರಿಯಲ್ಲಿ ಹೇಳಿದೆ. "ಬರೆ, ಬರೆ. ನಾಳೆ ನಿಮ್ಮತ್ತೆಯವರು ಬಂದಾಗ ಅವರಿಗೆ ಬಂಡೆ ತೋರಿಸದೆ ಬಸವನಹುಳು ತೋರಿಸಿ ಕಳಿಸಿದರೆ ಬೈಗುಳ ತಿನ್ನುವವಳು ನಾನು" ಎಂದಳು. ಅತ್ತೆಯವರನ್ನು ಬಸ್ಸಿನಲ್ಲಿ ಕಳಿಸುವುದೆಂದು ಒಪ್ಪಂದವಾಯಿತು.